ನರಕ್ಕೆ ವೀಕ್‌ನೆಸ್ ಇಲ್ಲ, ನಡುವೆ ಸಂದು ಇದೆ

“ಡಾಕ್ಟ್ರೇ, ನರ ವೀಕ್ ಆಗಿದೆ. ಏನು ತಿನ್ನಬೇಕು?” ಮಂಡಿನೋವನ್ನು ಬಿಟ್ಟರೆ ಈ ಅಂಕಣಕ್ಕೆ ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಎಲ್ಲ ಬಗೆಯವರೂ ಇದ್ದಾರೆ. ಸಹಿ ಹಾಕುವಾಗ ಕೈ ನಡುಗುವ ನಿವೃತ್ತ ಶಿರಸ್ತೇದಾರರು, ರಾತ್ರಿಯಾದರೆ ಪಾದ ಜೋಮು ಹಿಡಿಯುವ ಗೃಹಿಣಿ, ಪರೀಕ್ಷೆ ಹತ್ತಿರ ಬಂದಂತೆ ಎದೆ ಡವಗುಟ್ಟುವ ಪಿಯುಸಿ ಹುಡುಗ, ಮದುವೆ ಗೊತ್ತಾದ ದಿನದಿಂದ ತನ್ನ ಮೇಲೆ ತಾನೇ ಅನುಮಾನಪಡುತ್ತಿರುವ ಇನ್ನೊಬ್ಬ. ನಾಲ್ವರ ತೊಂದರೆಗೂ ಒಂದಕ್ಕೊಂದು ಸಂಬಂಧವಿಲ್ಲ. ಆದರೂ ನಾಲ್ವರೂ ಅದೇ ಕೆಂಪು ಇಂಜೆಕ್ಷನ್ ಹಾಕಿಸಿಕೊಂಡು ಬಂದಿರುತ್ತಾರೆ. ಬಿ12 ಜೀವಸತ್ವದ ಬಣ್ಣವೇ ಕೆಂಪು. ಸಿರಿಂಜಿನಲ್ಲಿ ಆ ಬಣ್ಣ ಕಂಡರೆ ಅರ್ಧ ಕಾಯಿಲೆ ವಾಸಿಯಾದಂತೆ ಎಂದು ನಂಬಿರುವವರಿಗೆ ಬಣ್ಣವಿಲ್ಲದ ಔಷಧ ಕೊಟ್ಟರೆ ಮುಖ ಸಪ್ಪಗಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಿ12 ಕೊರತೆ ಇದ್ದವರಿಗೆ ಅದು ಬೇಕೇ ಬೇಕು. ನರತಂತುಗಳ ಸುತ್ತ ಇರುವ ಕೊಬ್ಬಿನ ಹೊದಿಕೆ ಸರಿಯಾಗಿರಲು ಅದು ಅಗತ್ಯ. ಮಾಂಸ, ಮೊಟ್ಟೆ ಮುಟ್ಟದೆ, ಹಾಲು ಮೊಸರನ್ನೂ ಕಡಿಮೆ ಮಾಡಿದವರಲ್ಲಿ ಕೊರತೆ ಕಾಣುವುದೂ ನಿಜ. ಸಕ್ಕರೆ ಕಾಯಿಲೆ ಹಳತಾದರೆ ಪಾದದ ನರಗಳೇ ಹಾಳಾಗುತ್ತವೆ. ಇವೆರಡನ್ನೂ ರಕ್ತ ಪರೀಕ್ಷೆಯಲ್ಲಿ ಪತ್ತೆಮಾಡಬಹುದು. ಪಾದ ಜೋಮು ಹಿಡಿಯುವವರು ಮೊದಲು ಮಾಡಿಸಬೇಕಾದದ್ದು ಅದನ್ನೇ, ಇಂಜೆಕ್ಷನ್ ಆಮೇಲೆ. ಇಷ್ಟು ಹೇಳಿ ಪಕ್ಕಕ್ಕಿಡುತ್ತೇನೆ. ಏಕೆಂದರೆ ಪ್ರಶ್ನೆಯ ಹಿಂದೆ ಒಂದು ಕಲ್ಪನೆ ಇದೆ. ನರವೆಂದರೆ ವೈರು, ಅದರಲ್ಲಿ ಕರೆಂಟು ಹರಿಯುತ್ತದೆ, ವಯಸ್ಸಾದ ಮೇಲೋ ಚಿಂತೆ ಹೆಚ್ಚಿದಾಗಲೋ ವೋಲ್ಟೇಜು ಇಳಿಯುತ್ತದೆ ಎಂಬ ಕಲ್ಪನೆ. ಇವತ್ತು ನನಗೆ ತಕರಾರಿರುವುದು ಅದರ ಮೇಲೆ.

ನರಕೋಶದ ಪೊರೆಯ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟಿನಷ್ಟು ವ್ಯತ್ಯಾಸವಿರುತ್ತದೆ, ಒಳಭಾಗ ಋಣ. ಹೊರಗೆ ಸೋಡಿಯಂ ಹೆಚ್ಚು (ಅಡುಗೆ ಉಪ್ಪಿನಲ್ಲಿರುವುದೂ ಅದೇ), ಒಳಗೆ ಪೊಟ್ಯಾಸಿಯಂ ಹೆಚ್ಚು. ಕೋಶಕ್ಕೆ ಸಾಕಷ್ಟು ಪ್ರಚೋದನೆ ಸಿಕ್ಕಿತೋ, ಪೊರೆಯಲ್ಲಿರುವ ಸಣ್ಣ ದ್ವಾರಗಳು ತೆರೆದು ಸೋಡಿಯಂ ಒಳಕ್ಕೆ ನುಗ್ಗುತ್ತದೆ. ಅದರ ಬೆನ್ನಿಗೇ ಪೊಟ್ಯಾಸಿಯಂ ಹೊರಬಿದ್ದು ಪರಿಸ್ಥಿತಿ ಮೊದಲಿನಂತಾಗುತ್ತದೆ. ಎಲ್ಲ ಸೇರಿ ಒಂದು ಮಿಲಿಸೆಕೆಂಡಿನ ವ್ಯವಹಾರ. ಈ ಮಿಡಿತ ಪಕ್ಕದ ಜಾಗದ ದ್ವಾರಗಳನ್ನು ತೆರೆಸುತ್ತದೆ, ಅದು ಅದರ ಪಕ್ಕದ್ದನ್ನು. ಹೀಗೆ ದಾರಿಯುದ್ದಕ್ಕೂ ಹೊಸದಾಗಿ ಹುಟ್ಟುತ್ತಾ ಹೋಗುವುದರಿಂದ ತುದಿ ಮುಟ್ಟುವಾಗಲೂ ಅದರ ಎತ್ತರ ಒಂದಿಷ್ಟೂ ತಗ್ಗಿರುವುದಿಲ್ಲ. ತಾಮ್ರದ ತಂತಿಯಲ್ಲಿ ಹಾಗಲ್ಲ, ದೂರ ಹೋದಂತೆ ಸೋರಿಕೆ ಇದ್ದೇ ಇದೆ. ಸೋಡಿಯಮ್ಮನ್ನು ಮತ್ತೆ ಹೊರದಬ್ಬುವ ಕೆಲಸಕ್ಕೆ ಶಕ್ತಿ ಬೇಕು. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು, ನಾವು ಸುಮ್ಮನೆ ಕೂತಾಗಲೂ ಶೇ. 20ರಷ್ಟು ಶಕ್ತಿಯನ್ನು ಕಬಳಿಸುವುದಕ್ಕೆ ಇದೊಂದು ದೊಡ್ಡ ಕಾರಣ.

ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ 1920ರ ದಶಕದಲ್ಲಿ ಒಂದೊಂದೇ ನರತಂತುವಿನ ಮಿಡಿತಗಳನ್ನು ಹಿಡಿದು ದಾಖಲಿಸಿದರು. ಮೆಲ್ಲಗೆ ಮುಟ್ಟಿದರೂ ಜೋರಾಗಿ ಒತ್ತಿದರೂ ಮಿಡಿತದ ಗಾತ್ರ ಒಂದೇ. ಜೋರಾಗಿ ಒತ್ತಿದಾಗ ಸೆಕೆಂಡಿಗೆ ಹೆಚ್ಚು ಸಲ ಮಿಡಿಯುತ್ತದೆ, ಅಷ್ಟೆ. ಈ ಕೆಲಸಕ್ಕೆ 1932ರಲ್ಲಿ ಅವರಿಗೆ ನೊಬೆಲ್ ಬಂತು. ಆರೋಗ್ಯವಾಗಿರುವ ನರತಂತುವಿನಲ್ಲಿ ಮಿಡಿತ ಒಂದೋ ಪೂರ್ತಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ಅರ್ಧಂಬರ್ಧ ಮಿಡಿತ, ಸುಸ್ತಾದ ಮಿಡಿತ ಎಂಬುದಿಲ್ಲ. ಎದೆ ಡವಗುಟ್ಟುವ ಪಿಯುಸಿ ಹುಡುಗನ ನರಗಳು ಶಕ್ತಿ ಕಳೆದುಕೊಂಡಿಲ್ಲ. ಅವು ಅತಿ ಉತ್ಸಾಹದಲ್ಲಿವೆ.

ವೇಗದಲ್ಲಿ ಮಾತ್ರ ತಂತುವಿನಿಂದ ತಂತುವಿಗೆ ಬಹಳ ವ್ಯತ್ಯಾಸ. ದಪ್ಪ ಹೊದಿಕೆಯ ತಂತುಗಳಲ್ಲಿ ಸಂದೇಶ ಸೆಕೆಂಡಿಗೆ ನೂರು ಮೀಟರ್ ದಾಟುವುದೂ ಉಂಟು. ಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಸುಮಾರು ಒಂದೇ ಮೀಟರ್. ಕತ್ತಲಲ್ಲಿ ಹೊಸ್ತಿಲಿಗೆ ಕಾಲ್ಬೆರಳು ಹೊಡೆದುಕೊಂಡವರಿಗೆ ಇದರ ಅನುಭವವಿದೆ. ಏಟು ತಾಗಿದ್ದು ತಕ್ಷಣ ಗೊತ್ತಾಗುತ್ತದೆ, ಒಡನೆ ಚುರುಕ್ ಎನ್ನುತ್ತದೆ, ‘ಅಯ್ಯೋ, ಈಗ ಬರುತ್ತೆ’ ಎಂದು ಹಲ್ಲು ಕಚ್ಚಿ ಕಾಯುವಷ್ಟು ಬಿಡುವು ಕೊಟ್ಟು ಆಮೇಲೆ ಉರಿ ಏರುತ್ತದೆ. ಉರಿಯನ್ನು ತರುವುದು ಆ ನಿಧಾನದ ತಂತುಗಳು. ಬೆರಳಿನಿಂದ ಬೆನ್ನುಹುರಿಗೆ ಒಂದು ಮೀಟರಿನಷ್ಟು ದೂರವಿರುವುದರಿಂದ ಸುಮಾರು ಒಂದು ಸೆಕೆಂಡ್ ತಡ.

ಇನ್ನು ಒಂದು ನರಕೋಶ ಮುಗಿದು ಇನ್ನೊಂದು ಶುರುವಾಗುವ ಜಾಗ. ಅಲ್ಲಿ ಏನಿದೆ ಎಂಬುದರ ಮೇಲೆ ದೊಡ್ಡ ಜಗಳವೇ ನಡೆದಿತ್ತು. ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಬೆಳ್ಳಿಯ ಲವಣ ಬಳಸಿ ನರಕೋಶಗಳಿಗೆ ಕಪ್ಪು ಬಣ್ಣ ಹಿಡಿಸುವ ವಿಧಾನ ಕಂಡುಹಿಡಿದರು. ಮಿದುಳೆಲ್ಲ ಒಂದೇ ಹೆಣೆದ ಬಲೆ, ಕೋಶಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂಬುದು ಅವರ ವಾದ. ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್ ಅದೇ ಬಣ್ಣವನ್ನು ಇನ್ನಷ್ಟು ಪಳಗಿಸಿ ನೋಡಿ, ಪ್ರತಿ ಕೋಶವೂ ಬಿಡಿ ಎಂದರು. 1906ರ ನೊಬೆಲ್ ಇಬ್ಬರಿಗೂ ಜಂಟಿಯಾಗಿ ಸಂದಿತು. ಗಾಲ್ಜಿ ತಮ್ಮ ನೊಬೆಲ್ ಭಾಷಣವನ್ನು ಬಹುಮಟ್ಟಿಗೆ ಕಹಾಲ್ ಹೇಳಿದ್ದು ಸುಳ್ಳೆಂದು ಸಾಧಿಸುವುದಕ್ಕೇ ಬಳಸಿಕೊಂಡರು. ಬಹುಮಾನ ಹಂಚಿಕೊಂಡವನ ಎದುರೇ ಹೀಗೆ ಕಾಲು ಕೆರೆದ ಪ್ರಸಂಗ ಇನ್ನೊಂದಿದೆಯೋ ಇಲ್ಲವೋ. ಕೋಶಗಳ ನಡುವಿನ ಆ ಜಾಗಕ್ಕೆ 1897ರಲ್ಲೇ ಇಂಗ್ಲೆಂಡಿನ ಶೆರಿಂಗ್ಟನ್ ಸಿನಾಪ್ಸ್ ಎಂದು ಹೆಸರಿಟ್ಟಿದ್ದರು. ಕಣ್ಣಿಗೆ ಕಾಣಲು ಮಾತ್ರ 1950ರ ದಶಕದ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರಬೇಕಾಯಿತು. ಗೆದ್ದದ್ದು ಕಹಾಲ್. ಸಂದು ಇದೆ. ಅಗಲ ಸುಮಾರು 20 ನ್ಯಾನೊಮೀಟರ್. ಒಂದು ತಲೆಗೂದಲಿನ ದಪ್ಪದಲ್ಲಿ ಅಂಥ ಸಾವಿರಾರು ಸಂದುಗಳು ಹಿಡಿಸುತ್ತವೆ.

ಸೇತುವೆ ಆಗುವ ಮೊದಲು ಸಿಗಂದೂರಿಗೆ ಹೋದವರು ಹೊಳೆಬಾಗಿಲಿನಲ್ಲಿ ಬಸ್ಸಿಳಿದು, ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟಿ, ಆಚೆ ದಡದಲ್ಲಿ ಬೇರೆ ಗಾಡಿ ಹಿಡಿಯುತ್ತಿದ್ದರಲ್ಲ, ನರಗಳ ನಡುವಿನ ಸಂಚಾರವೂ ಹಾಗೆಯೇ. ವಿದ್ಯುತ್ ಮಿಡಿತ ಈಚೆ ದಡದಲ್ಲಿ ನಿಲ್ಲುತ್ತದೆ. ನೀರು ದಾಟುವುದು ರಾಸಾಯನಿಕ. ಆಚೆ ದಡದಲ್ಲಿ ಮತ್ತೆ ವಿದ್ಯುತ್. ಸೇತುವೆಯಿರುವ ನರಕೋಶಗಳೂ ಇಲ್ಲವೆಂದಲ್ಲ. ಒಂದರಿಂದೊಂದಕ್ಕೆ ವಿದ್ಯುತ್ತು ನೇರ ಹರಿಯುವ ಜೋಡಣೆಯನ್ನು ಸಿಗಡಿ ಜಾತಿಯ ಪ್ರಾಣಿಯೊಂದರಲ್ಲಿ 1959ರಲ್ಲಿ ಕಂಡರು, ನಮ್ಮ ಮಿದುಳಿನಲ್ಲೂ ಅಲ್ಲಲ್ಲಿ ಅವು ಇವೆ. ಆದರೆ ಹೆಚ್ಚಿನ ಕಡೆ ಲಾಂಚೇ ಗತಿ.

ದಾಟುವುದು ರಾಸಾಯನಿಕ ಎಂದು ತೋರಿಸಿದವರು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಒಟ್ಟೊ ಲೋವಿ, 1921ರಲ್ಲಿ. ಪ್ರಯೋಗ ಕನಸಿನಲ್ಲಿ ಬಂತು, ನಡುರಾತ್ರಿ ಚೀಟಿಯಲ್ಲಿ ಗೀಚಿಟ್ಟರು, ಬೆಳಿಗ್ಗೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲ, ಮರುರಾತ್ರಿ ಕನಸು ಮತ್ತೆ ಬಿದ್ದಾಗ ಎದ್ದು ನೇರ ಪ್ರಯೋಗಾಲಯಕ್ಕೇ ಹೋದರು ಎಂಬ ಕತೆಯನ್ನು ಅವರೇ ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡಿದ್ದಾರೆ. ಕನಸಿಗಿಂತ ಪ್ರಯೋಗದ ಸರಳತೆ ನನಗೆ ಹೆಚ್ಚು ಇಷ್ಟ. ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪುನೀರಿನಂಥ ದ್ರವದಲ್ಲಿ ಬಡಿಯಲು ಬಿಟ್ಟರು. ಮೊದಲನೆಯದಕ್ಕೆ ವೇಗಸ್ ಎಂಬ ನರ ಅಂಟಿಕೊಂಡೇ ಇತ್ತು. ಅದನ್ನು ಕೆಣಕಿದಾಗ ಬಡಿತ ನಿಧಾನವಾಯಿತು. ಆ ಹೃದಯ ಮಿಂದಿದ್ದ ದ್ರವವನ್ನು ಎರಡನೆಯದಕ್ಕೆ ಹಾಕಿದರು. ನರದ ಸಂಪರ್ಕವೇ ಇಲ್ಲದ ಆ ಹೃದಯವೂ ನಿಧಾನವಾಯಿತು. ನರ ಏನನ್ನೋ ಸ್ರವಿಸಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅದು ಅಸಿಟೈಲ್‌ಕೋಲಿನ್ ಎಂದು ಆಮೇಲೆ ಗೊತ್ತಾಯಿತು. ಹೆನ್ರಿ ಡೇಲ್ ಜೊತೆ 1936ರಲ್ಲಿ ಲೋವಿಗೆ ನೊಬೆಲ್ ಬಂತು. ಎರಡೇ ವರ್ಷಕ್ಕೆ ನಾಜಿಗಳು ಆಸ್ಟ್ರಿಯಾಕ್ಕೆ ಬಂದು, ಯಹೂದಿಯಾದ ಅವರನ್ನು ಬಂಧಿಸಿ, ನೊಬೆಲ್ ಹಣವನ್ನು ಕಿತ್ತುಕೊಂಡು ದೇಶ ಬಿಡಿಸಿದರು.

ದಡದ ಮೇಲಿನ ವ್ಯವಸ್ಥೆಯನ್ನು ಬಿಡಿಸಿ ನೋಡಿದವರು ಅದೇ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಲಂಡನ್ ಸೇರಿದ್ದ ಬರ್ನಾರ್ಡ್ ಕಾಟ್ಸ್. ನರ ಸ್ನಾಯುವನ್ನು ಸಂಧಿಸುವ ಜಾಗ ಅವರ ಕಾರ್ಯಕ್ಷೇತ್ರ. ಅದೂ ಒಂದು ಸಿನಾಪ್ಸೇ, ದೊಡ್ಡದು, ಕೈಗೆ ಸಿಗುವಂಥದ್ದು. ನರ ಸುಮ್ಮನಿದ್ದಾಗಲೂ ಸ್ನಾಯುವಿನಲ್ಲಿ ಆಗೊಮ್ಮೆ ಈಗೊಮ್ಮೆ ಅರ್ಧ ಮಿಲಿವೋಲ್ಟಿನಷ್ಟು ಪುಟ್ಟ ಮಿಡುಕು ಕಾಣುತ್ತಿತ್ತು. ನರವನ್ನು ಕೆಣಕಿದಾಗ ಬರುತ್ತಿದ್ದ ಪ್ರತಿಕ್ರಿಯೆ ಅಂಥ ಮಿಡುಕುಗಳನ್ನು ಒಟ್ಟು ಕೂಡಿಸಿದಷ್ಟಿರುತ್ತಿತ್ತು. ಅಂದರೆ ರಾಸಾಯನಿಕ ನಲ್ಲಿಯ ನೀರಿನಂತೆ ಸುರಿಯುವುದಿಲ್ಲ, ಸಂಚಿ ಲೆಕ್ಕದಲ್ಲಿ ಬರುತ್ತದೆ. ನರದ ತುದಿಯಲ್ಲಿ ಸಣ್ಣ ಸಣ್ಣ ಸಂಚಿಗಳಿವೆ, ಒಂದೊಂದರಲ್ಲೂ ಅಸಿಟೈಲ್‌ಕೋಲಿನ್ನಿನ ಸಾವಿರಾರು ಅಣುಗಳು. ಮಿಡಿತ ತುದಿಗೆ ಬಂದೊಡನೆ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಸಂಚಿಗಳು ಪೊರೆಗೆ ಬೆಸೆದುಕೊಂಡು ಬಾಯಿ ಬಿಡುತ್ತವೆ, ಅಣುಗಳು ಸಂದು ದಾಟಿ ಆಚೆ ದಡದ ಗ್ರಾಹಿಗಳ ಮೇಲೆ ಕೂರುತ್ತವೆ, ಅಲ್ಲಿನ ದ್ವಾರ ತೆರೆಯುತ್ತದೆ. ಎಲ್ಲಕ್ಕೂ ತಗಲುವುದು ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಕೊನೆಗೊಂದು ಕಿಣ್ವ ಬಂದು ಅಸಿಟೈಲ್‌ಕೋಲಿನ್ನನ್ನು ತುಂಡರಿಸಿ ಜಾಗ ಖಾಲಿ ಮಾಡಿಸುತ್ತದೆ. ಈ ಕಿಣ್ವದ ಒಂದು ಅಣು ಸೆಕೆಂಡಿಗೆ ಸಾವಿರಾರು ಅಣುಗಳನ್ನು ಕತ್ತರಿಸಬಲ್ಲದು. ಬಂದದ್ದನ್ನು ಅಳಿಸದಿದ್ದರೆ ಮುಂದಿನದ್ದಕ್ಕೆ ಜಾಗವೆಲ್ಲಿ?

ಪುಸ್ತಕದಲ್ಲಿ ಇಷ್ಟನ್ನು ಓದಿ ಪರೀಕ್ಷೆ ಬರೆದಿದ್ದೆ. ಅರ್ಥವಾದದ್ದು ತಾಲೂಕು ಆಸ್ಪತ್ರೆಯಲ್ಲಿ. ಒಂದು ಮಳೆಗಾಲದ ಬೆಳಗಿನ ಜಾವ ಅಡಿಕೆ ತೋಟದಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳೊಬ್ಬಳನ್ನು ಹೊತ್ತು ತಂದರು. ದೂರು ಹೊಟ್ಟೆನೋವಿನದು. “ಉಂಡು ಮಲಗಿದಾಗ ಸರ್ಯಾಗೇ ಇದ್ಲು ಸಾ. ಮೂರು ಗಂಟೆ ಹೊತ್ಗೆ ಹೊಟ್ಟೆ ಹಿಡ್ಕಂಡು ಎದ್ಲು, ಈಗ ಮಾತೇ ಸರಿಯಾಗಿ ಬರ್ತಿಲ್ಲ” ಎಂದರು ಅತ್ತೆ.

“ಎಲ್ಲಿ ಮಲಗಿದ್ರು ಅಮ್ಮಾ?”

“ಎಲ್ಲಿ ಅಂದ್ರೆ, ನೆಲದ ಮ್ಯಾಲೇ ಸಾ, ಚಾಪೆ ಹಾಸ್ಕಂಡು.”

ಅವಳ ಮುಖದ ಮುಂದೆ ಬೆರಳೆತ್ತಿ, “ಮೇಲೆ ನೋಡಮ್ಮ” ಎಂದೆ. ಹಣೆಯೆಲ್ಲ ಸುಕ್ಕಾಯಿತು, ಹುಬ್ಬು ಮೇಲೆ ಹೋಯಿತು, ಕಣ್ಣಿನ ರೆಪ್ಪೆ ಮಾತ್ರ ಅರ್ಧಕ್ಕೇ ನಿಂತಿತ್ತು. ದನಿ ಮೂಗಿನಿಂದ ಬರುತ್ತಿತ್ತು. ಎಂಜಲು ನುಂಗಲಾಗದೆ ಬಾಯಿಯ ಅಂಚಿನಲ್ಲಿ ಇಳಿಯುತ್ತಿತ್ತು. ಮೈಮೇಲೆ ಎಲ್ಲೂ ಊತವಿಲ್ಲ, ಗಾಯವಿಲ್ಲ. ಹಾವು ಕಚ್ಚಿದ್ದನ್ನು ಯಾರೂ ನೋಡಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಕಡಂಬಳ ಎಂದೂ ಕರೆಯುವ ಕಟ್ಟುಹಾವಿನ ಲಕ್ಷಣವೇ ಅದು. ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವು ಇಲ್ಲವೆನ್ನುವಷ್ಟು ಕಡಿಮೆ, ಹಲ್ಲಿನ ಗುರುತು ಹುಡುಕಿದರೂ ಸಿಗದು. ಹಾವಿನ ವಿಷಕ್ಕೆ ಮದ್ದಾದ ಎಎಸ್‌ವಿ ಶುರು ಮಾಡಿದೆವು. ಉಸಿರು ಮೇಲುಮೇಲಕ್ಕೆ ಹೋಗತೊಡಗಿದಾಗ ಗಂಟಲಿಗೆ ಕೊಳವೆ ಇಳಿಸಿ ಅಂಬು ಬ್ಯಾಗ್ ಒತ್ತುತ್ತಾ ವೆಂಟಿಲೇಟರ್ ಇರುವಲ್ಲಿಗೆ ಕಳಿಸಿದೆವು. ಅಷ್ಟು ಹೊತ್ತಿಗೆ ಅವಳು ಕಡ್ಡಿಯೂ ಅಲುಗದಂತೆ ಬಿದ್ದಿದ್ದಳು. ನೋಡಿದವರು ಜೀವವಿಲ್ಲ ಎಂದೇ ಹೇಳಬೇಕು.

ವಾಸಿಯಾಗಿ ಒಮ್ಮೆ ತೋರಿಸಿಕೊಳ್ಳಲು ಬಂದಾಗ ಅವಳು ಹೇಳಿದ್ದು ಇದು: “ಮಗೀನ ಯಾರು ನೋಡ್ಕತಾರೆ ಅಂತ ನಮ್ಮ ನಾದಿನಿ ಅತ್ತಿದ್ದು ಕೇಳ್ತಿತ್ತು ಸಾ. ಕಣ್ಣು ಬಿಟ್ಟು ನಾನಿದೀನಿ ಅನ್ನಾಣ ಅಂದ್ರೆ ರೆಪ್ಪೆ ಏಳ್ಲಿಲ್ಲ.”

ಅವಳ ಮಿದುಳು ಎಚ್ಚರವಾಗಿತ್ತು, ಕಿವಿ ಕೇಳುತ್ತಿತ್ತು, ರೆಪ್ಪೆ ಎತ್ತು ಎಂಬ ಆಜ್ಞೆ ಪೂರ್ಣ ಎತ್ತರದ ಮಿಡಿತವಾಗಿ ನರದುದ್ದಕ್ಕೂ ಬಂದಿತ್ತು. ಕೊನೆಯ ಸಂದಿನ ಬಳಿ ಬಂದು ಕೆಟ್ಟಿತ್ತು. ವಿಷದ ಅಣುಗಳು ದೊಡ್ಡವಾದ್ದರಿಂದ ರಕ್ತದಿಂದ ಮಿದುಳಿನೊಳಕ್ಕೆ ದಾಟಲಾರವು. ಸ್ನಾಯುವಿನ ದಡಕ್ಕೆ ಮಾತ್ರ ಅವಕ್ಕೆ ದಾರಿಯಿದೆ. ನಾಗರಹಾವಿನ ವಿಷ ಆಚೆ ದಡದ ಗ್ರಾಹಿಗಳ ಮೇಲೆ ಕೂತು ಅಸಿಟೈಲ್‌ಕೋಲಿನ್ನಿಗೆ ಜಾಗವಿಲ್ಲದಂತೆ ಮಾಡುತ್ತದೆ. ಕಟ್ಟುಹಾವಿನ ವಿಷದಲ್ಲಿ ಅಂಥದ್ದೂ ಇದೆ, ಜೊತೆಗೆ ಈಚೆ ದಡವನ್ನೇ ನಾಶಮಾಡುವ ಇನ್ನೊಂದು ಬಗೆಯೂ ಇದೆ. ಅದು ನರದ ತುದಿಯನ್ನೂ ಅಲ್ಲಿನ ಸಂಚಿಗಳನ್ನೂ ಹಾಳುಗೆಡವುತ್ತದೆ. ಒಮ್ಮೆ ಹಾಳಾದ ತುದಿಯನ್ನು ಎಎಸ್‌ವಿ ಕಟ್ಟಿಕೊಡಲಾರದು. ಅದು ತಾನಾಗಿ ಚಿಗುರಬೇಕು. ಅಲ್ಲಿಯವರೆಗೆ ದಿನಗಟ್ಟಲೆ ಯಂತ್ರ ಉಸಿರಾಡಿಸಬೇಕು, ಮನೆಯವರು ಆಸೆ ಬಿಡಬಾರದು, ವೈದ್ಯರಂತೂ ಬಿಡಲೇಬಾರದು. ಭಾರತದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಕರ್ನಾಟಕ ಸೇರಿಸಿದ್ದು 2024ರ ಫೆಬ್ರುವರಿಯಲ್ಲಿ. ತಡವಾಯಿತು, ಆದರೂ ಒಳ್ಳೆಯದಾಯಿತು. ಮಂಚದ ಮೇಲೆ, ಸೊಳ್ಳೆ ಪರದೆಯನ್ನು ಅಂಚು ಸಿಕ್ಕಿಸಿ ಕಟ್ಟಿಕೊಂಡು ಮಲಗುವುದು ಇದಕ್ಕೆಲ್ಲ ಅಗ್ಗದ ತಡೆ.

ವಿಜ್ಞಾನಕ್ಕೆ ಈ ವಿಷದಿಂದ ಉಪಕಾರವೂ ಆಗಿದೆ. ತೈವಾನಿನ ಚಾಂಗ್ ಮತ್ತು ಲೀ 1963ರಲ್ಲಿ ಅಲ್ಲಿನ ಕಟ್ಟುಹಾವಿನ ವಿಷದಿಂದ ಒಂದು ಅಂಶವನ್ನು ಬೇರ್ಪಡಿಸಿದರು. ಅದು ಗ್ರಾಹಿಯ ಮೇಲೆ ಕೂತರೆ ಏಳುವುದೇ ಇಲ್ಲ. ಅಷ್ಟು ಗಟ್ಟಿಯಾಗಿ ಅಂಟುವ ಗುಣವನ್ನೇ ಗಾಳದಂತೆ ಬಳಸಿ ಆಮೇಲೆ ವಿಜ್ಞಾನಿಗಳು ಗ್ರಾಹಿಯನ್ನು ಹಿಡಿದು ಹೊರತೆಗೆದರು. ಅದುವರೆಗೆ ಗ್ರಾಹಿ ಎಂಬುದು ಊಹೆಯ ವಸ್ತುವಾಗಿತ್ತು.

ಹಾವಿನ ವಿಷ ಮಾಡುವುದಕ್ಕೆ ತದ್ವಿರುದ್ಧವಾದ ಅನಾಹುತ ಹೊಲದಲ್ಲಿ ಆಗುತ್ತದೆ. ಮುಖಕ್ಕೆ ಬಟ್ಟೆಯಿಲ್ಲದೆ, ಗಾಳಿಗೆ ಎದುರಾಗಿ ನಿಂತು ಔಷಧಿ ಹೊಡೆದವರು ಸಂಜೆಗೆ ಬೆವರಿ ಬಚ್ಚಲಾಗಿ ಆಸ್ಪತ್ರೆಗೆ ಬರುತ್ತಾರೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ. ಕಣ್ಣೀರು, ಜೊಲ್ಲು, ವಾಂತಿ, ಮಾಂಸಖಂಡಗಳಲ್ಲಿ ಅದುರು, ಎದೆಯಲ್ಲಿ ಗೊರಗೊರ ಸದ್ದು. ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳು ಆ ಕತ್ತರಿಸುವ ಕಿಣ್ವವನ್ನು ಕೆಲಸ ಮಾಡಗೊಡುವುದಿಲ್ಲ. ಇಲ್ಲಿ ಸಂದೇಶ ತಲುಪದೆ ಹೋಗುವುದಲ್ಲ, ಅಳಿಯದೆ ಉಳಿಯುವುದೇ ತೊಂದರೆ. ಗ್ರಂಥಿಗಳು ಒಸರುತ್ತಲೇ ಇರುತ್ತವೆ, ಸ್ನಾಯುಗಳು ಅದುರಿ ಅದುರಿ ಕೊನೆಗೆ ಸೋಲುತ್ತವೆ. ಗ್ರಂಥಿಗಳನ್ನು ತಡೆಯಲು ಕೊಡುವುದು ಅಟ್ರೋಪಿನ್. ನಮ್ಮ ಬೇಲಿಯ ಉಮ್ಮತ್ತಿ ಗಿಡದಲ್ಲಿ ಇರುವ ನಂಜುಗಳಲ್ಲಿ ಅದೂ ಒಂದು. ಕೀಟದ ನರಕ್ಕೂ ಮನುಷ್ಯನ ನರಕ್ಕೂ ಈ ಒಂದು ಕಿಣ್ವದ ಮಟ್ಟಿಗೆ ಭೇದವಿಲ್ಲ ಎಂಬುದನ್ನು ಕೀಟನಾಶಕದ ಅಂಗಡಿಯವರು ಡಬ್ಬಿ ಕೊಡುವಾಗ ಬಾಯಿಬಿಟ್ಟು ಹೇಳಬೇಕು ಎಂಬುದು ನನ್ನ ಆಸೆ. ಡಬ್ಬಿಯ ಮೇಲಿನ ಸಣ್ಣಕ್ಷರವನ್ನು ಯಾರು ಓದುತ್ತಾರೆ?

ಇದೇ ಕಿಣ್ವವನ್ನು ಸ್ವಲ್ಪವೇ, ಸ್ವಲ್ಪ ಹೊತ್ತಷ್ಟೇ ತಡೆದರೆ ಔಷಧ. ಲಂಡನ್ನಿನ ಗ್ರೀನಿಚ್‌ನಲ್ಲಿ ಸಾಮಾನ್ಯ ಆಸ್ಪತ್ರೆಯೊಂದರ ವೈದ್ಯೆ ಮೇರಿ ವಾಕರ್ ಮುಂದೆ ಮಯಸ್ತೇನಿಯ ಗ್ರಾವಿಸ್ ಎಂಬ ಕಾಯಿಲೆಯವರಿದ್ದರು. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಯಾದಂತೆ ರೆಪ್ಪೆ ಜಾರುವುದು, ಎರಡೆರಡು ಕಾಣುವುದು, ಅಗಿಯುತ್ತ ಅಗಿಯುತ್ತ ದವಡೆ ಸೋಲುವುದು. ಬಾಣದ ನಂಜಾದ ಕುರಾರೆ ಏರಿದವರಂತೆಯೇ ಇದ್ದಾರಲ್ಲ ಎನಿಸಿ, ಕುರಾರೆಗೆ ಮದ್ದಾದ ಫೈಸೊಸ್ಟಿಗ್ಮಿನ್ ಚುಚ್ಚಿ ನೋಡಿದರು. ರೆಪ್ಪೆ ಎದ್ದಿತು. ಅದು 1934. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಾಹಿಗಳ ಮೇಲೆ ದಾಳಿ ಮಾಡುವುದು ಈ ಕಾಯಿಲೆಯ ಮೂಲವೆಂದು ಗೊತ್ತಾಗಲು ಇನ್ನೂ ದಶಕಗಳು ಬೇಕಾದವು. ನಾಗರಹಾವು ಕಚ್ಚಿದವರಿಗೆ ಇವತ್ತು ಎಎಸ್‌ವಿ ಜೊತೆಗೆ ಕೊಡುವ ನಿಯೊಸ್ಟಿಗ್ಮಿನ್ ಅದೇ ಕುಟುಂಬದ್ದು. ನಿಮ್ಮಲ್ಲಿ ಯಾರಿಗಾದರೂ ಸಂಜೆ ಹೊತ್ತು ಹೀಗೆ ರೆಪ್ಪೆ ಜಾರುತ್ತಿದ್ದರೆ ಟಾನಿಕ್ ಹುಡುಕಬೇಡಿ, ನರರೋಗ ತಜ್ಞರನ್ನು ಕಾಣಿ.

ಸ್ನಾಯುವಿನ ದಡದಲ್ಲಿ ಒಂದೇ ನರ, ಒಂದೇ ಆಜ್ಞೆ. ಮಿದುಳಿನಲ್ಲಿ ಹಾಗಿಲ್ಲ. ಅಲ್ಲಿರುವುದು ಸುಮಾರು 8,600 ಕೋಟಿ ನರಕೋಶಗಳು, ಒಂದೊಂದರ ಮೇಲೂ ಸಾವಿರಾರು ಸಿನಾಪ್ಸುಗಳು. ಕೆಲವು ‘ಮಿಡಿ’ ಎನ್ನುತ್ತವೆ, ಗ್ಲುಟಮೇಟ್ ಸುರಿಯುವಂಥವು. ಕೆಲವು ‘ಬೇಡ’ ಎನ್ನುತ್ತವೆ, ಗಾಬಾ ಸುರಿಯುವಂಥವು. ಎರಡನ್ನೂ ಕೂಡಿ ಕಳೆದು, ಗಡಿ ದಾಟಿದರೆ ಕೋಶ ಮಿಡಿಯುತ್ತದೆ. ‘ಬೇಡ’ ಎನ್ನುವವರ ಬೆಲೆ ತಿಳಿಯುವುದು ಅವರು ಸುಮ್ಮನಾದಾಗ. ತುಕ್ಕು ಮೊಳೆಯ ಗಾಯದಿಂದ ಧನುರ್ವಾಯು ಆದವರ ಬೆನ್ನು ಬಿಲ್ಲಾಗುವುದು ಅದಕ್ಕೇ. ಆ ವಿಷ ನರದ ಗುಂಟ ಬೆನ್ನುಹುರಿಗೆ ಏರಿ ತಡೆಯುವ ಕೋಶಗಳ ಸಂಚಿಗಳು ಬಾಯಿ ಬಿಡದಂತೆ ಮಾಡುತ್ತದೆ. ಹೊಸ್ತಿಲಿಗೆ ಹೊಡೆದುಕೊಂಡ ಬೆರಳನ್ನು ಗಸಗಸ ತಿಕ್ಕಿದರೆ ನೋವು ತಗ್ಗುವುದೂ ಬೆನ್ನುಹುರಿಯ ಸಿನಾಪ್ಸಿನ ವಿದ್ಯಮಾನ. ತಿಕ್ಕಿದ ಸ್ಪರ್ಶ ವೇಗದ ತಂತುಗಳಲ್ಲಿ ಬಂದು ನೋವಿನ ಸಂದೇಶ ಮೇಲೇರದಂತೆ ತಡೆಯೊಡ್ಡುತ್ತದೆ ಎಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಪ್ರತಿಪಾದಿಸಿದರು. ವಿವರಗಳಲ್ಲಿ ತಿದ್ದುಪಡಿಯಾಗಿದೆ, ತಿರುಳು ನಿಂತಿದೆ.

ಕಾಫಿಯೂ ಇದೇ ಸಂದಿನ ಗಿರಾಕಿ. ಎಚ್ಚರವಾಗಿ ಕೆಲಸ ಮಾಡಿದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಕೂಡಿಕೊಳ್ಳುತ್ತದೆ, ಅದು ತನ್ನ ಗ್ರಾಹಿಗಳ ಮೇಲೆ ಕೂತಂತೆ ತೂಕಡಿಕೆ ಬರುತ್ತದೆ. ಕೆಫೀನ್ ಆ ಜಾಗದಲ್ಲಿ ತಾನು ಕೂತುಬಿಡುತ್ತದೆ. ಸುಸ್ತು ಎಲ್ಲಿಗೂ ಹೋಗಿಲ್ಲ, ಸುಸ್ತಿನ ಸುದ್ದಿಯನ್ನು ಮಾತ್ರ ತಡೆಹಿಡಿಯಲಾಗಿದೆ. ಕುಡಿದ ಕೆಫೀನಿನ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಡಿಕಾಕ್ಷನ್ನಿನ ಸ್ಟ್ರಾಂಗ್ ಕಾಫಿ ಕುಡಿದು ರಾತ್ರಿ ನಿದ್ದೆ ಬರುವುದಿಲ್ಲ, ನರ ವೀಕ್ ಎಂದು ಬರೆದ ಮೈಸೂರಿನ ಓದುಗರಿಗೆ ಉತ್ತರ ಇಷ್ಟೇ.

ಈಚೆಗೆ ವಾಟ್ಸ್ಆ್ಯಪಿನಲ್ಲಿ ಡೋಪಮಿನ್ನಿನ ಹಾವಳಿ ಜಾಸ್ತಿ. ಡೋಪಮಿನ್ ಎಂದರೆ ಸುಖ, ಸೆರೊಟೊನಿನ್ ಎಂದರೆ ಸಂತೋಷ, ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿದರೆ ಬದುಕು ಹಸನು ಎಂಬ ಧಾಟಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಲೋವಿಯ ಕಪ್ಪೆಯ ಹೃದಯವನ್ನು ನಿಧಾನ ಮಾಡಿದ ಅಸಿಟೈಲ್‌ಕೋಲಿನ್ನೇ ನಮ್ಮ ತೋಳಿನ ಸ್ನಾಯುವನ್ನು ಬಿಗಿಯುತ್ತದೆ. ಒಂದೇ ರಾಸಾಯನಿಕ, ಒಂದು ಕಡೆ ತಡೆ, ಇನ್ನೊಂದು ಕಡೆ ಚಾಲನೆ. ಅರ್ಥ ಇರುವುದು ಅಣುವಿನಲ್ಲಲ್ಲ. ಅದನ್ನು ಬರಮಾಡಿಕೊಳ್ಳುವ ಗ್ರಾಹಿ ಯಾವುದು, ಆ ದಡ ಎಲ್ಲಿದೆ ಎಂಬುದರಲ್ಲಿ. ಖಿನ್ನತೆಗೆ ಕೊಡುವ ಎಷ್ಟೋ ಮಾತ್ರೆಗಳು ಸಂದಿನಲ್ಲಿ ಸೆರೊಟೊನಿನ್ನನ್ನು ಕೆಲವೇ ಗಂಟೆಗಳಲ್ಲಿ ಹೆಚ್ಚಿಸುತ್ತವೆ, ಮನಸ್ಸು ತಿಳಿಯಾಗಲು ವಾರಗಳು ಹಿಡಿಯುತ್ತವೆ. ನಡುವೆ ಸಿನಾಪ್ಸುಗಳು ಮೆಲ್ಲಗೆ ತಮ್ಮನ್ನು ಮಾರ್ಪಡಿಸಿಕೊಳ್ಳುತ್ತಿರುತ್ತವೆ. ಆದ್ದರಿಂದ ನಾಲ್ಕು ದಿನ ನುಂಗಿ ಏನೂ ಆಗಲಿಲ್ಲವೆಂದು ಮಾತ್ರೆ ನಿಲ್ಲಿಸಬೇಡಿ.

ಡೋಪಮಿನ್ ನಿಜವಾಗಿ ಕೈಕೊಟ್ಟಾಗ ಏನಾಗುತ್ತದೆ ಎಂಬುದು ಪಾರ್ಕಿನ್ಸನ್ ಕಾಯಿಲೆಯಲ್ಲಿ ಕಾಣುತ್ತದೆ. ಮಿದುಳಿನ ಬುಡದಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತವೆ. ನಡೆ ಬಿಗಿಯಾಗುತ್ತದೆ, ಸುಮ್ಮನೆ ಕೂತಾಗ ಕೈ ನಡುಗುತ್ತದೆ, ಅಕ್ಷರ ಸಣ್ಣದಾಗುತ್ತ ಹೋಗುತ್ತದೆ. ಡೋಪಮಿನ್ನನ್ನು ನುಂಗಿದರೆ ಅದು ಮಿದುಳಿಗೆ ದಾಟದು. ಅದರ ಹಿಂದಿನ ಹಂತವಾದ ಎಲ್-ಡೋಪ ದಾಟುತ್ತದೆ, ಅದೇ ಮಾತ್ರೆಯಾಗಿ ಸಿಗುತ್ತದೆ. ಬೇಲಿಯಲ್ಲಿ ಮೈ ತಾಗಿದರೆ ತುರಿಸಿ ತುರಿಸಿ ಅಳಿಸುವ ನಸುಗುನ್ನಿ ಕಾಯಿಯ ಬೀಜದಲ್ಲೂ ಎಲ್-ಡೋಪ ಇದೆ. ಇದನ್ನು ಬರೆದರೆ ಮುಂದಿನ ವಾರ ಯಾವ ಪತ್ರಗಳು ಬರುತ್ತವೆಂದು ಗೊತ್ತಿರುವುದರಿಂದ ಉತ್ತರವನ್ನು ಈಗಲೇ ಕೊಟ್ಟಿರುತ್ತೇನೆ: ಕಾಯಿಲೆ ಇಲ್ಲದವರಿಗೆ ನಸುಗುನ್ನಿ ಪುಡಿ ‘ನರಶಕ್ತಿ’ ಕೊಡುವುದಿಲ್ಲ. ಪಾರ್ಕಿನ್ಸನ್ ಮಾತ್ರೆ ನುಂಗುತ್ತಿರುವವರು ಪುಡಿಯನ್ನೂ ಸೇರಿಸಿದರೆ ಒಂದೇ ಔಷಧವನ್ನು ಎರಡು ಕಡೆಯಿಂದ ತಿಂದಂತಾಗಿ ವಾಂತಿ, ತಲೆಸುತ್ತು, ಭ್ರಮೆ ಕಾಡಬಹುದು. ತಿನ್ನಲೇಬೇಕೆಂದಿದ್ದರೆ ನಿಮ್ಮ ವೈದ್ಯರಿಗೆ ಹೇಳಿ. ಶಿರಸ್ತೇದಾರರೇ, ನಿಮ್ಮ ಕೈ ಸಹಿ ಹಾಕುವಾಗ ಮಾತ್ರ ನಡುಗುತ್ತದೆ, ಸುಮ್ಮನಿದ್ದಾಗ ಇಲ್ಲ ಎಂದಿದ್ದೀರಿ. ಅದು ಪಾರ್ಕಿನ್ಸನ್ ಇರುವ ಸಾಧ್ಯತೆ ಕಡಿಮೆ, ಆದರೂ ಒಮ್ಮೆ ತೋರಿಸಿ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ.